ಚುಚ್ಚುಮದ್ದಿಗೆ ಬಾಗಿಲು ಮುಚ್ಚಿದ್ದು ದೀನ್ ಅಲ್ಲ, ಅಪನಂಬಿಕೆ

2017ರ ಫೆಬ್ರವರಿ ತಿಂಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧದ ಎಂ.ಆರ್. ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದದ್ದು ನಮ್ಮ ಬೆಂಗಳೂರಿನಿಂದ. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು ನೀಡುವುದೆಂದು ತೀರ್ಮಾನವಾಗಿತ್ತು. ನನ್ನ ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಒಂದು ಚೀಟಿ ತಂದು ಕೈಗೆ ಕೊಟ್ಟಳು.

ಅದೇ ವಾರ ನನ್ನ ಮೊಬೈಲಿಗೆ ಒಂದು ಧ್ವನಿ ಸಂದೇಶ ಬಂತು. ಸೌದಿಯಲ್ಲಿದ್ದ ನಮ್ಮ ಮನೆಯವರು ಕಳುಹಿಸಿದ್ದು. ಅವರಿಗೆ ಅವರ ರೂಮಿನ ಗೆಳೆಯರು ಕಳುಹಿಸಿದ್ದರು, ಗೆಳೆಯರಿಗೆ ಇನ್ಯಾರೋ ಕಳುಹಿಸಿದ್ದರು. ಹೆಸರು ಹೇಳದ ಒಬ್ಬ ವ್ಯಕ್ತಿ ಅದರಲ್ಲಿ ಗಾಬರಿಯ ಸ್ವರದಲ್ಲಿ ಮಾತನಾಡುತ್ತಿದ್ದ. ಇದು ನಮ್ಮ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗದಂತೆ ಮಾಡುವ ಮದ್ದು, ಯಾರೂ ಕೊಡಿಸಬೇಡಿ ಎಂಬುದು ಅದರ ಸಾರಾಂಶ. ಅತ್ತೆಯವರು ಕೇಳಿ, "ನಮಗ್ಯಾಕೆ ಬೇಕಮ್ಮಾ ಇಲ್ಲದ ಉಸಾಬರಿ, ಮಗು ಚೆನ್ನಾಗಿಯೇ ಇದೆಯಲ್ಲ" ಎಂದರು. ನಾನು ಚೀಟಿಯಲ್ಲಿ 'ಬೇಡ' ಎಂದು ಬರೆದು ಸಹಿ ಹಾಕಿ ಕಳುಹಿಸಿದೆ.

ನಾನು ಪದವಿ ಓದಿದವಳು. ಆದರೂ ಯಾವ ವೈದ್ಯರನ್ನೂ ಕೇಳಲಿಲ್ಲ, ಯಾವ ಉಸ್ತಾದರನ್ನೂ ಕೇಳಲಿಲ್ಲ.

ಮರುವರ್ಷ ಮಗಳಿಗೆ ಸಣ್ಣ ಜ್ವರ ಬಂತು. ಮೈಮೇಲೆ ಕೆಂಪು ಗಂಧೆಗಳೆದ್ದವು, ಕಿವಿಯ ಹಿಂದೆ ಗಂಟು ಕಾಣಿಸಿಕೊಂಡಿತು. ಮೂರು ದಿನದಲ್ಲಿ ಎಲ್ಲವೂ ಇಳಿದುಹೋಯಿತು. ಆದರೆ ಅದೇ ದಿನಗಳಲ್ಲಿ ನನ್ನ ತಮ್ಮನ ಹೆಂಡತಿ ನಮ್ಮ ಮನೆಗೆ ಬಂದು ಉಳಿದಿದ್ದಳು. ಅವಳಿಗೆ ಎರಡು ತಿಂಗಳಾಗಿತ್ತು, ಚೊಚ್ಚಲು. ಮಗಳು ಅವಳ ಮಡಿಲಲ್ಲೇ ಮಲಗುತ್ತಿದ್ದಳು. ಮಕ್ಕಳ ವೈದ್ಯರು ಮಗಳನ್ನು ನೋಡಿ ಮೊದಲು ಕೇಳಿದ ಪ್ರಶ್ನೆ: ಮನೆಯಲ್ಲಿ ಗರ್ಭಿಣಿಯರು ಯಾರಾದರೂ ಇದ್ದಾರೆಯೇ?

ರುಬೆಲ್ಲಾ ಮಕ್ಕಳಿಗೆ ಸಣ್ಣ ಕಾಯಿಲೆ. ಆದರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಗರ್ಭಪಾತವಾಗಬಹುದು. ಇಲ್ಲವೇ ಹುಟ್ಟುವ ಮಗುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ತೊಂದರೆ, ಬುದ್ಧಿ ಬೆಳವಣಿಗೆಯ ಕುಂಠಿತ ಎಲ್ಲವೂ ಬರಬಹುದು. ಇದನ್ನು ನಾನು ಆ ವೈದ್ಯರ ಮೇಜಿನ ಮುಂದೆ ಕುಳಿತು ಮೊದಲ ಬಾರಿ ಕೇಳಿದೆ. ರಕ್ತಪರೀಕ್ಷೆಯಲ್ಲಿ ಮಗಳಿಗೆ ಬಂದದ್ದು ರುಬೆಲ್ಲಾ ಎಂದೇ ಖಚಿತವಾಯಿತು. ತಮ್ಮನ ಹೆಂಡತಿಯ ವರದಿ ಬರಲು ಮತ್ತೂ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ರಾತ್ರಿ ನಾನು ಮಲಗಲಿಲ್ಲ. ಅವಳ ಮೈಯಲ್ಲಿ ರುಬೆಲ್ಲಾ ನಿರೋಧಕ ಶಕ್ತಿ ಮೊದಲೇ ಇತ್ತು, ಅಲ್‌ಹಮ್ದುಲಿಲ್ಲಾಹ್. ಮಗು ಆರೋಗ್ಯವಾಗಿ ಹುಟ್ಟಿತು. ಆದರೆ ಆ ಶಕ್ತಿ ಇಲ್ಲದಿರುತ್ತಿದ್ದರೆ? ನಮ್ಮ ಹೆಣ್ಣುಮಕ್ಕಳಿಗೆ ಮಕ್ಕಳಾಗದಂತೆ ಮಾಡುತ್ತದೆ ಎಂದು ನಾನು ಬೇಡವೆಂದ ಆ ಮದ್ದು, ನಮ್ಮ ಹೆಣ್ಣುಮಕ್ಕಳ ಹೊಟ್ಟೆಯ ಕೂಸನ್ನು ಕಾಪಾಡಲೆಂದೇ ಇದ್ದ ಮದ್ದು.

ಇದನ್ನು ಬರೆಯಲು ನನಗೆ ನಾಚಿಕೆ ಇದೆ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಆಶಾ ಕಾರ್ಯಕರ್ತೆಯರು ಇಂದಿಗೂ ನಮ್ಮ ಕೆಲವು ಮನೆಗಳ ಬಾಗಿಲಿನಿಂದ ಹಿಂದಿರುಗುತ್ತಿದ್ದಾರೆ. ಕಾರಣ ಕೇಳಿದರೆ 'ನಮ್ಮ ದೀನ್‌ನಲ್ಲಿ ಇಲ್ಲ' ಎಂಬ ಉತ್ತರ ಸಿಗುತ್ತದೆ. ಈ ಮಾತನ್ನು ನಾವು ಒಮ್ಮೆ ನೇರವಾಗಿ ಪರಿಶೀಲಿಸಬೇಕಾಗಿದೆ.

ಇದು ನಮ್ಮದೊಂದೇ ಸಮುದಾಯದ ಕಥೆಯಲ್ಲ

ಲಸಿಕೆಗೆ ಹಿಂಜರಿಯುವವರು ಎಂದೊಡನೆ ಪತ್ರಿಕೆಗಳು, ಟಿ.ವಿ. ಚಾನೆಲ್‌ಗಳು ಮುಸ್ಲಿಮರ ಚಿತ್ರವನ್ನು ಹಾಕುವುದು ರೂಢಿಯಾಗಿದೆ. ಇದು ಅನ್ಯಾಯ. ನೆದರ್‌ಲ್ಯಾಂಡ್ಸ್ ಶ್ರೀಮಂತ, ಸುಶಿಕ್ಷಿತ ದೇಶ. ಅಲ್ಲಿನ ಸಂಪ್ರದಾಯಸ್ಥ ಪ್ರೊಟೆಸ್ಟೆಂಟ್ ಕ್ರೈಸ್ತರ ಕೆಲವು ಸಭೆಗಳವರು, ಆರೋಗ್ಯವಂತನಿಗೆ ಮುಂಚಿತವಾಗಿ ಮದ್ದು ಕೊಡುವುದೆಂದರೆ ದೇವರ ನಿರ್ಣಯದಲ್ಲಿ ಕೈಹಾಕಿದಂತೆ ಎಂದು ನಂಬುತ್ತಾರೆ. 1992-93ರಲ್ಲಿ ಅಲ್ಲಿ 71 ಜನರಿಗೆ ಪೋಲಿಯೊ ಬಂತು, ಇಬ್ಬರು ತೀರಿಕೊಂಡರು. ಬಹುತೇಕ ಎಲ್ಲರೂ ಲಸಿಕೆ ಹಾಕಿಸಿಕೊಳ್ಳದ ಆ ಸಭೆಗಳಿಗೆ ಸೇರಿದವರು.

2018-19ರಲ್ಲಿ ನ್ಯೂಯಾರ್ಕ್ ನಗರದಲ್ಲಿ 649 ಜನರಿಗೆ ದಡಾರ ತಗುಲಿತು. ಹೆಚ್ಚಿನವರು ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯಹೂದಿ ಬಡಾವಣೆಗಳವರು. ಅವರ ಧರ್ಮಗುರುಗಳಲ್ಲಿ ಬಹುಪಾಲು ಲಸಿಕೆಯ ಪರವಾಗಿಯೇ ಇದ್ದರು. ತಾಯಂದಿರನ್ನು ಹೆದರಿಸಿದ್ದು ಕೈಯಿಂದ ಕೈಗೆ ಹರಿದಾಡಿದ ಪುಸ್ತಿಕೆಗಳು ಮತ್ತು ಫೋನ್ ಸಂದೇಶಗಳು. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದಡಾರ ಹರಡಿದ್ದು ಮೆನ್ನೊನೈಟ್ ಎಂಬ ಕ್ರೈಸ್ತ ಸಮುದಾಯ ಹೆಚ್ಚಾಗಿರುವ ಊರುಗಳಿಂದ. 762 ಜನರಿಗೆ ರೋಗ ಬಂತು, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ಸತ್ತರು.

ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿರುವ ಸೊಮಾಲಿ ಮುಸ್ಲಿಮರ ಕಥೆ ಇನ್ನೂ ಬೋಧಪ್ರದವಾಗಿದೆ. 2004ರ ಹೊತ್ತಿಗೆ ಅವರ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ದಡಾರದ ಲಸಿಕೆ ಪಡೆಯುತ್ತಿದ್ದರು. ಹತ್ತು ವರ್ಷದಲ್ಲಿ ಆ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಈ ಹತ್ತು ವರ್ಷಗಳಲ್ಲಿ ಅವರ ದೀನ್ ಬದಲಾಗಲಿಲ್ಲ, ಕುರ್‌ಆನ್ ಬದಲಾಗಲಿಲ್ಲ. ಬದಲಾದದ್ದು ಒಂದೇ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಅವರ ಮನೆಗಳನ್ನು ಹೊಕ್ಕಿತು. ಆ ಭಯ ಹುಟ್ಟಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯನೊಬ್ಬ ಬರೆದ ಲೇಖನದಿಂದ. 2010ರಲ್ಲಿ ಆ ಲೇಖನವನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆ ವೈದ್ಯನ ವೃತ್ತಿ ಪರವಾನಗಿಯೂ ರದ್ದಾಯಿತು. ಆದರೆ ಸುಳ್ಳು ಅದಕ್ಕಿಂತ ಮೊದಲೇ ಸಮುದ್ರ ದಾಟಿತ್ತು. 2017ರಲ್ಲಿ ಅಲ್ಲಿ ದಡಾರ ಬಂದಾಗ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಸೊಮಾಲಿ ಮಕ್ಕಳು.

ಅಂದರೆ ಭಯಕ್ಕೆ ಜಾತಿಯಿಲ್ಲ, ಧರ್ಮವಿಲ್ಲ. ಯಾವ ಸಮುದಾಯ ಒಳಗೊಳಗೇ ಬಾಳುತ್ತದೆಯೋ, ಹೊರಗಿನವರ ಮಾತಿಗಿಂತ ತನ್ನವರ ಮಾತನ್ನೇ ಹೆಚ್ಚು ನಂಬುತ್ತದೆಯೋ ಅಲ್ಲಿ ಒಳ್ಳೆಯ ಮಾತೂ ಬೇಗ ಹರಡುತ್ತದೆ, ಕೆಟ್ಟ ಮಾತೂ ಬೇಗ ಹರಡುತ್ತದೆ.

ಕಾನೋದ ಪಾಠ

ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ನೈಜೀರಿಯಾದ ಕಾನೋ ರಾಜ್ಯಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

1996ರಲ್ಲಿ ಅಲ್ಲಿ ಮೆದುಳಿನ ಪೊರೆಯ ಜ್ವರ, ಅಂದರೆ ಮೆನಿಂಜೈಟಿಸ್, ಭೀಕರವಾಗಿ ಹರಡಿತ್ತು. ಅಮೆರಿಕದ ಫೈಝರ್ ಕಂಪೆನಿ ತನ್ನ ಹೊಸ ಔಷಧಿ ಟ್ರೋವನ್ ಅನ್ನು ಅಲ್ಲಿನ ನೂರು ಮಕ್ಕಳ ಮೇಲೆ ಪ್ರಯೋಗಿಸಿತು. ಹೋಲಿಕೆಗಾಗಿ ಇನ್ನು ನೂರು ಮಕ್ಕಳಿಗೆ ಬೇರೆ ಔಷಧಿ ನೀಡಲಾಯಿತು. ಹನ್ನೊಂದು ಮಕ್ಕಳು ಸತ್ತರು. ಇದು ಪ್ರಯೋಗ ಎಂದು ತಮಗೆ ತಿಳಿಸಿಯೇ ಇರಲಿಲ್ಲ ಎಂದು ಹೆತ್ತವರು ಹೇಳಿದರು. ವರ್ಷಗಟ್ಟಲೆ ಮೊಕದ್ದಮೆ ನಡೆದು, 2009ರಲ್ಲಿ ಕಂಪೆನಿಯು ಕಾನೋ ಸರಕಾರದೊಂದಿಗೆ 7.5 ಕೋಟಿ ಡಾಲರ್‌ಗಳ ರಾಜಿ ಮಾಡಿಕೊಂಡಿತು. ಆ ಔಷಧಿ ಲಸಿಕೆಯಾಗಿರಲಿಲ್ಲ. ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮನಸ್ಸಿನಲ್ಲಿ ಉಳಿದದ್ದು, ಹೊರಗಿನವರು ಮದ್ದು ತಂದರು, ನಮ್ಮ ಮಕ್ಕಳು ಸತ್ತರು ಎಂಬುದಷ್ಟೇ.

2003ರಲ್ಲಿ ಪೋಲಿಯೊ ಹನಿಯವರು ಬಂದಾಗ ಆ ಗಾಯ ಇನ್ನೂ ಹಸಿಯಾಗಿತ್ತು. ಇರಾಕ್ ಮೇಲೆ ಅಮೆರಿಕ ಯುದ್ಧ ಸಾರಿದ ವರ್ಷವೂ ಅದೇ. ಹನಿಯಲ್ಲಿ ಬಂಜೆತನ ತರುವ ಮದ್ದಿದೆ, ಎಚ್.ಐ.ವಿ. ಇದೆ ಎಂಬ ಮಾತು ಹಬ್ಬಿತು. ಉತ್ತರ ನೈಜೀರಿಯಾದ ಕೆಲವು ರಾಜ್ಯಗಳು ಹನಿ ನೀಡುವುದನ್ನು ನಿಲ್ಲಿಸಿದವು. ಇತರ ರಾಜ್ಯಗಳು ಬೇಗ ಮರಳಿದವು, ಕಾನೋ ಮಾತ್ರ ಸುಮಾರು ಒಂದು ವರ್ಷ ಪಟ್ಟು ಹಿಡಿಯಿತು. ಕೊನೆಗೆ ಮುಸ್ಲಿಮ್ ರಾಷ್ಟ್ರವಾದ ಇಂಡೋನೇಶಿಯಾದಲ್ಲಿ ತಯಾರಾದ ಲಸಿಕೆಯನ್ನು ತರಿಸಿ 2004ರ ಜುಲೈನಲ್ಲಿ ಹನಿ ಮತ್ತೆ ಆರಂಭವಾಯಿತು.

ಆದರೆ ವೈರಸ್ ಒಂದು ವರ್ಷ ಕಾಯುತ್ತಾ ಕುಳಿತಿರಲಿಲ್ಲ. ಉತ್ತರ ನೈಜೀರಿಯಾದ ಪೋಲಿಯೊ ಸುಮಾರು ಇಪ್ಪತ್ತು ದೇಶಗಳಿಗೆ ಹರಡಿತು. ಸುಡಾನ್ ತಲುಪಿತು, ಯಮನ್ ತಲುಪಿತು. 2005ರಲ್ಲಿ ಯಮನ್‌ನಲ್ಲಿ ನೂರಾರು ಮಕ್ಕಳು ಕಾಲು ಕಳೆದುಕೊಂಡರು. ಅದೇ ವರ್ಷ ಆ ವೈರಸ್ ಇಂಡೋನೇಶಿಯಾವನ್ನೂ ತಲುಪಿತು. ಹತ್ತು ವರ್ಷಗಳಿಂದ ಪೋಲಿಯೊ ಕಾಣದಿದ್ದ ಆ ದೇಶದಲ್ಲಿ ಸುಮಾರು 300 ಮಕ್ಕಳಿಗೆ ರೋಗ ಬಂತು. ಕಾನೋದ ಮಕ್ಕಳಿಗಾಗಿ ನಂಬಿಕೆಯ ಲಸಿಕೆ ಕಳುಹಿಸಿದ ದೇಶಕ್ಕೆ ಅಲ್ಲಿಂದ ರೋಗ ಹೋಯಿತು. ಬಹಿಷ್ಕಾರದ ಬೆಲೆ ತೆತ್ತವರು ಯಾರು? ಫೈಝರ್ ಅಲ್ಲ, ಅಮೆರಿಕವೂ ಅಲ್ಲ. ಕಾನೋ, ಸನಾ, ಜಾವಾಗಳ ಮುಸ್ಲಿಮ್ ಮಕ್ಕಳು.

ಕಾನೋದವರ ಕೋಪಕ್ಕೆ ಕಾರಣವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅನ್ಯಾಯ ನಿಜವಾಗಿತ್ತು. ಹಾಗೆಯೇ 2011ರಲ್ಲಿ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಲಸಿಕೆಯ ನೆಪದಲ್ಲಿ ಮಾಹಿತಿ ಸಂಗ್ರಹಿಸಲು ಹೊರಟದ್ದೂ ನಿಜ. ಇನ್ನು ಮುಂದೆ ಲಸಿಕೆ ಕಾರ್ಯಕ್ರಮಗಳನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು 2014ರಲ್ಲಿ ಶ್ವೇತಭವನವೇ ಹೇಳಬೇಕಾಯಿತು. ಆ ವಂಚನೆಯ ಫಲವಾಗಿ ಹನಿ ಹಾಕಲು ಮನೆಮನೆಗೆ ಹೋಗುತ್ತಿದ್ದ ಪಾಕಿಸ್ತಾನದ ಬಡ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. ಇಂದು ಕಾಡು ಪೋಲಿಯೊ ವೈರಸ್ ನಿರಂತರವಾಗಿ ಉಳಿದಿರುವುದು ಲೋಕದಲ್ಲಿ ಎರಡೇ ದೇಶಗಳಲ್ಲಿ, ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನ. ಸಂಶಯಪಡಲು ಕಾರಣವಿತ್ತು, ಒಪ್ಪೋಣ. ಆದರೆ ಅನ್ಯಾಯ ಮಾಡಿದವನ ಮೇಲಿನ ಸಿಟ್ಟನ್ನು ನಮ್ಮದೇ ಮಗುವಿನ ಕಾಲಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಕಾನೋದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2009ರಲ್ಲಿ ಸೊಕೊಟೋದ ಸುಲ್ತಾನರ ನೇತೃತ್ವದಲ್ಲಿ ಉತ್ತರ ನೈಜೀರಿಯಾದ ಸಾಂಪ್ರದಾಯಿಕ ಮುಖಂಡರ ಸಮಿತಿಯೊಂದು ರಚನೆಯಾಯಿತು. ಊರಿನ ಹಿರಿಯರು, ಇಮಾಮರು ತಾವೇ ಮನೆ ಬಾಗಿಲಿಗೆ ಹೋದರು. ಪೋಲಿಯೊದಿಂದ ಕಾಲು ಸೋತವರು ಕೈಯೂರಿ ಬಂದು ತಾಯಂದಿರ ಮುಂದೆ ಕುಳಿತು ಮಾತನಾಡಿದರು. 2020ರ ಆಗಸ್ಟ್ 25ರಂದು ಆಫ್ರಿಕಾ ಕಾಡು ಪೋಲಿಯೊದಿಂದ ಮುಕ್ತವೆಂದು ಘೋಷಣೆಯಾಯಿತು. ಮುಚ್ಚಿದ ಬಾಗಿಲನ್ನು ತೆರೆಸಿದವರೂ ಮುಸ್ಲಿಮರೇ.

ನಮ್ಮ ಉತ್ತರ ಪ್ರದೇಶದಲ್ಲಿ

ಅಷ್ಟು ದೂರ ಯಾಕೆ? 2002ರಲ್ಲಿ ಭಾರತದಲ್ಲಿ 1,600 ಪೋಲಿಯೊ ಪ್ರಕರಣಗಳು ವರದಿಯಾದವು. ಅದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಉತ್ತರ ಪ್ರದೇಶದಲ್ಲಿ. ಆ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಐದರಲ್ಲೊಂದು ಭಾಗಕ್ಕಿಂತ ಕಡಿಮೆ. ಪೋಲಿಯೊ ಬಂದ ಮಕ್ಕಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ನಮ್ಮವರು.

ಅಲ್ಲಿಯೂ ಭಯಕ್ಕೆ ಬೇರು ಇತ್ತು. 1976ರ ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ಕಂಡವರು, ದಿಲ್ಲಿಯ ತುರ್ಕ್‌ಮಾನ್ ಗೇಟ್‌ನ ಮನೆಗಳನ್ನು ಕೆಡವಿದ್ದನ್ನು ಕೇಳಿದವರು ಆಗ ಅಜ್ಜ ಅಜ್ಜಿಯರಾಗಿದ್ದರು. ಸರಕಾರದವರು ಮನೆಗೇ ಬಂದು ಉಚಿತವಾಗಿ ಏನನ್ನಾದರೂ ಕೊಟ್ಟರೆ ಅವರಿಗೆ ಅನುಮಾನ ಬರುವುದು ಸಹಜ. ಇನ್ನೊಂದು ಕಾರಣವೂ ಇತ್ತು. ಓಣಿಯಲ್ಲಿ ಚರಂಡಿ ಇಲ್ಲ, ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ಮಗುವಿಗೆ ಭೇದಿಯಾದರೆ ಕೇಳುವವರಿಲ್ಲ. ಆದರೆ ತಿಂಗಳು ತಿಂಗಳು ಹನಿ ಹಾಕಲು ಮಾತ್ರ ಜನ ಬರುತ್ತಾರೆ. ಏನೋ ಇರಬೇಕು ಎಂದು ತಾಯಂದಿರು ಯೋಚಿಸಿದರೆ ಅದು ಮೂಢನಂಬಿಕೆ ಅಲ್ಲ, ಅದು ಒಂದು ದೂರು. ನಿಜ ಹೇಳಬೇಕೆಂದರೆ, ಆ ಕೊಳಕು ನೀರು ಮತ್ತು ಭೇದಿಯ ಕಾರಣದಿಂದಲೇ ಅಲ್ಲಿನ ಮಕ್ಕಳ ಹೊಟ್ಟೆಯಲ್ಲಿ ಹನಿ ಸರಿಯಾಗಿ ನಾಟುತ್ತಿರಲಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕಬೇಕಾಗಿತ್ತು. ಇದನ್ನು ಆ ತಾಯಂದಿರಿಗೆ ಕುಳಿತು ಹೇಳಿದವರು ಮೊದಲಿಗೆ ಯಾರೂ ಇರಲಿಲ್ಲ.

ಹೇಳುವವರು ಬಂದಾಗ ಚಿತ್ರ ಬದಲಾಯಿತು. ಅದೇ ಓಣಿಯ ಹೆಣ್ಣುಮಕ್ಕಳನ್ನು ತರಬೇತಿ ಕೊಟ್ಟು ನೇಮಿಸಲಾಯಿತು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್ದರ್ದ್‌ನವರು ಕೈಜೋಡಿಸಿದರು. ಮಸೀದಿಯ ಮೈಕಿನಲ್ಲಿ ಹನಿಯ ದಿನವನ್ನು ಸಾರಿದರು. ಮದ್ರಸದ ಅಂಗಳದಲ್ಲಿ ಬೂತ್ ಹಾಕಿದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಂಡದ್ದೇ ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಹಾಗಾದರೆ ದೀನ್ ಏನು ಹೇಳುತ್ತದೆ?

ಲಸಿಕೆ ಹಾಕಿಸುವುದು ತವಕ್ಕುಲ್‌ಗೆ, ಅಂದರೆ ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧ ಎಂದು ಕೆಲವರು ಹೇಳುತ್ತಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟು, ನಂತರ ಭರವಸೆ ಇಡು ಎಂದು ಕಲಿಸಿದ್ದು ನಮಗೆಲ್ಲ ಗೊತ್ತು. ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದೂ, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದೂ ಅವರು(ಸ) ತಿಳಿಸಿದ್ದಾರೆ.

ಅದು ರೋಗ ಬಂದ ಮೇಲಿನ ಮಾತು, ಬರುವ ಮೊದಲೇ ಮದ್ದು ಏಕೆ ಎಂದು ಕೇಳಬಹುದು. ಪ್ಲೇಗ್ ಇರುವ ನಾಡಿಗೆ ಹೋಗಬೇಡಿ, ನೀವಿರುವ ನಾಡಿಗೆ ಬಂದರೆ ಅಲ್ಲಿಂದ ಓಡಿಹೋಗಬೇಡಿ ಎಂಬ ಪ್ರವಾದಿವಚನ ರೋಗ ಬರುವ ಮೊದಲಿನ ಎಚ್ಚರಿಕೆಯೇ ಅಲ್ಲವೇ? ಬೆಳಿಗ್ಗೆ ಏಳು ಅಜ್ವಾ ಖರ್ಜೂರ ತಿಂದವನಿಗೆ ಆ ದಿನ ವಿಷವಾಗಲಿ ಮಾಟವಾಗಲಿ ತಟ್ಟದು ಎಂಬ ಹದೀಸನ್ನು ಮುಂದಿಟ್ಟು, ಆಪತ್ತು ಬರುವ ಮುನ್ನವೇ ರಕ್ಷಣೆಯ ಉಪಾಯ ಮಾಡುವುದು ಶರೀಅತ್‌ಗೆ ವಿರುದ್ಧವಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಹಝ್ರತ್ ಉಮರ್(ರ) ಸಿರಿಯಾದ ಪ್ರಯಾಣದಲ್ಲಿ, ಮುಂದೆ ಪ್ಲೇಗ್ ಇದೆ ಎಂದು ತಿಳಿದು ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರವನ್ನು ಉಮರ್(ರ) ಕೊಟ್ಟರು. ರೋಗವೂ ಅವನ ವಿಧಿ, ರೋಗ ತಡೆಯುವ ಜ್ಞಾನವೂ ಅವನ ವಿಧಿ.

ಎರಡನೆಯದು ಹಲಾಲ್ ಹರಾಮಿನ ಪ್ರಶ್ನೆ. ಇದನ್ನು ಕೇಳುವವರನ್ನು ಗೇಲಿ ಮಾಡಬಾರದು. ಮುಸ್ಲಿಮನು ಕೇಳಲೇಬೇಕಾದ ಪ್ರಶ್ನೆ ಅದು. ಕೆಲವು ಲಸಿಕೆಗಳು ಕೆಡದಂತೆ ಜೆಲಾಟಿನ್ ಸೇರಿಸುತ್ತಾರೆ. ಕೆಲವು ಲಸಿಕೆಗಳ ತಯಾರಿಯ ಒಂದು ಹಂತದಲ್ಲಿ ಹಂದಿಯಿಂದ ಪಡೆದ ಟ್ರಿಪ್ಸಿನ್ ಬಳಸಿ, ನಂತರ ಅದನ್ನು ತೊಳೆದು ತೆಗೆಯುತ್ತಾರೆ. ವಿದ್ವಾಂಸರು ಇದನ್ನು ಎರಡು ದಾರಿಯಲ್ಲಿ ನೋಡಿದ್ದಾರೆ. ವಸ್ತುವಿನ ಗುಣವೇ ಪೂರ್ಣವಾಗಿ ಬದಲಾದರೆ ಅದು ಹಿಂದಿನ ವಸ್ತುವಾಗಿ ಉಳಿಯುವುದಿಲ್ಲ ಎಂಬ 'ಇಸ್ತಿಹಾಲಾ' ಒಂದು ದಾರಿ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವಿದ್ವಾಂಸರು ಮತ್ತು ವೈದ್ಯರು ಜೆಲಾಟಿನ್ ಬಗ್ಗೆ ಇದೇ ಅಭಿಪ್ರಾಯ ತಳೆದರು. ಇನ್ನೊಂದು, ಅನಿವಾರ್ಯವಾದಾಗ ನಿಷಿದ್ಧಕ್ಕೂ ವಿನಾಯಿತಿ ಇದೆ ಎಂಬ 'ಝರೂರತ್'ನ ದಾರಿ. 2018ರಲ್ಲಿ ಇಂಡೋನೇಶಿಯಾದ ಉಲೇಮಾ ಪರಿಷತ್ತು ಹಿಡಿದದ್ದು ಎರಡನೆಯದನ್ನು. ಎಂ.ಆರ್. ಲಸಿಕೆಯಲ್ಲಿ ಹಂದಿ ಮೂಲದ ಅಂಶ ಬಳಕೆಯಾಗಿರುವುದರಿಂದ ಅದು ಮೂಲತಃ ಹರಾಮ್, ಆದರೆ ಬೇರೆ ಲಸಿಕೆ ಲಭ್ಯವಿಲ್ಲದ ಕಾರಣ ಮತ್ತು ರೋಗದ ಅಪಾಯವಿರುವ ಕಾರಣ ಸದ್ಯಕ್ಕೆ ಬಳಸಲು ಅನುಮತಿ ಇದೆ ಎಂದು ಫತ್ವಾ ನೀಡಿತು.

ಆ ಫತ್ವಾದ ನಂತರ ನಡೆದದ್ದನ್ನು ನಾವು ಗಮನಿಸಬೇಕು. ಜನ ಅದರ ಮೊದಲಿನ ಅರ್ಧವನ್ನು ಮಾತ್ರ ಕೇಳಿದರು. ಹಿಂದಿನ ವರ್ಷ ಜಾವಾದಲ್ಲಿ ಯಶಸ್ವಿಯಾಗಿದ್ದ ಅಭಿಯಾನ ಉಳಿದ ದ್ವೀಪಗಳಲ್ಲಿ ಕುಂಟಿತು, ಆಚೆ ಪ್ರಾಂತ್ಯದಲ್ಲಿ ಬಹುತೇಕ ನಿಂತೇಹೋಯಿತು. ಆದ್ದರಿಂದ ಉಸ್ತಾದರಲ್ಲಿ ನನ್ನದೊಂದು ವಿನಂತಿ. ಈ ವಿಷಯದಲ್ಲಿ ಮಾತನಾಡುವಾಗ ಕೊನೆಯ ತೀರ್ಮಾನವನ್ನು ಮೊದಲು ಹೇಳಿ, ವಿವರಣೆಯನ್ನು ನಂತರ ಕೊಡಿ. ಅಡುಗೆಮನೆಯಿಂದ ಅರ್ಧ ಕೇಳುವ ತಾಯಿಗೆ ಮೊದಲ ಮಾತು ಮಾತ್ರ ತಲುಪುತ್ತದೆ.

ಇನ್ನು ನಮ್ಮ ಸ್ವಂತ ನಡತೆಯನ್ನೇ ನೋಡೋಣ. ಹಜ್ಜ್‌ಗೆ ಹೊರಡುವವರು ಮೆನಿಂಜೈಟಿಸ್ ಚುಚ್ಚುಮದ್ದು ಹಾಕಿಸಿಕೊಂಡೇ ಹೋಗುತ್ತಾರೆ. 2000ದ ಹಜ್ಜ್‌ನ ಬಳಿಕ ಆ ರೋಗ ಹಾಜಿಗಳ ಮೂಲಕ ಅನೇಕ ದೇಶಗಳ ಮನೆಗಳಿಗೆ ತಲುಪಿದ ಮೇಲೆ ಸೌದಿ ಸರಕಾರ ನಾಲ್ಕು ಬಗೆಯ ರೋಗಾಣುಗಳ ವಿರುದ್ಧದ ಲಸಿಕೆಯನ್ನು ಕಡ್ಡಾಯ ಮಾಡಿತು. ತರಬೇತಿ ಶಿಬಿರದಲ್ಲಿ ತೋಳು ಮುಂದೆ ಮಾಡುವ ನಮ್ಮ ಹಿರಿಯರು ಯಾರೂ 'ನನಗೆ ತವಕ್ಕುಲ್ ಇದೆ, ಬೇಡ' ಎನ್ನುವುದಿಲ್ಲ. ಹಾಜಿಯ ತೋಳಿಗೆ ಹಲಾಲ್ ಆದದ್ದು ಮೊಮ್ಮಗಳ ತೋಳಿಗೆ ಹರಾಮ್ ಹೇಗಾಗುತ್ತದೆ? ನಮ್ಮ ಮನೆಯವರು ನನಗೆ ಆ ಧ್ವನಿ ಸಂದೇಶ ಕಳುಹಿಸಿದ್ದು ಸೌದಿಯಿಂದ. ಆ ದೇಶದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ದಡಾರ ರುಬೆಲ್ಲಾ ಸಹಿತ ಎಲ್ಲ ಲಸಿಕೆಗಳ ದಾಖಲೆ ಕೇಳುತ್ತಾರೆ. ಈಗ ನಾವಿಬ್ಬರೂ ಅದನ್ನು ನೆನೆದು ಮುಖ ಮುಖ ನೋಡಿಕೊಳ್ಳುತ್ತೇವೆ.

ಸಂದೇಶ ತಂದವನು ಯಾರೆಂದು ವಿಚಾರಿಸದೆ ನಂಬಿದರೆ ತಿಳಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಸೂರಃ ಅಲ್ ಹುಜುರಾತ್‌ನ ಆರನೇ ಸೂಕ್ತ ನಮ್ಮನ್ನು ಎಚ್ಚರಿಸುತ್ತದೆ. ಈ ಸೂಕ್ತವನ್ನು ನಾನು ಮದ್ರಸದಲ್ಲಿ ಕಲಿತಿದ್ದೆ. ಮೊಬೈಲ್ ಕೈಯಲ್ಲಿದ್ದಾಗ ನೆನಪಾಗಲಿಲ್ಲ.

ಈಗ ನಾವೇನು ಮಾಡಬೇಕು?

2016ರಲ್ಲಿ ನೆರೆಯ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲುಮಾರಿ ಬಂದು ಹದಿಹರೆಯದ ಮಕ್ಕಳು ಸತ್ತರು. ಹಿಂದಿನ ಕಾಲದ ರೋಗ ಎಂದು ನಾವು ಮರೆತೇಬಿಟ್ಟಿದ್ದ ರೋಗ ಅದು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯ ಇಕ್ಕಟ್ಟಾದ ಓಣಿಗಳಲ್ಲಿ ದಡಾರ ಪುಟ್ಟ ಮಕ್ಕಳ ಜೀವ ತೆಗೆಯಿತು. ದಡಾರ ಬಂದ ಒಬ್ಬರಿಂದ, ರಕ್ಷಣೆಯಿಲ್ಲದ ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡಬಲ್ಲದು. ಅದನ್ನು ತಡೆಯಲು ಊರಿನ ನೂರರಲ್ಲಿ ತೊಂಬತ್ತೈದು ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ನನ್ನ ಮಗುವಿಗೆ ಬೇಡ ಎನ್ನುವ ತೀರ್ಮಾನ ನನ್ನ ಮನೆಯೊಳಗೇ ಉಳಿಯುವುದಿಲ್ಲ. ಪಕ್ಕದ ಮನೆಯ ಎಳೆಗೂಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ, ಬಸುರಿಗೆ ಅದರ ಫಲ ಹೋಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ನಮ್ಮ ದೀನ್ ಎಷ್ಟು ಒತ್ತಿ ಹೇಳಿದೆ ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಸಹೋದರಿಯರೇ, ಇಂದೇ ತಾಯಿ ಕಾರ್ಡ್ ತೆಗೆದು ನೋಡಿ. ಹುಟ್ಟಿದಾಗ ಬಿ.ಸಿ.ಜಿ., ಹೆಪಟೈಟಿಸ್ ಬಿ ಮತ್ತು ಪೋಲಿಯೊ ಹನಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಹಾಗೂ ಪೋಲಿಯೊ, ಜೊತೆಗೆ ಕಾರ್ಡಿನಲ್ಲಿರುವ ಇತರ ಲಸಿಕೆಗಳು. ಒಂಬತ್ತು ತಿಂಗಳು ತುಂಬಿದಾಗ ಎಂ.ಆರ್. ಮೊದಲ ಡೋಸ್, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೆಯದು. ಅದೇ ಸಮಯಕ್ಕೆ ಡಿ.ಪಿ.ಟಿ. ಬೂಸ್ಟರ್, ಐದಾರು ವರ್ಷಕ್ಕೆ ಮತ್ತೊಂದು. ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಟಿ.ಡಿ. ಈ ಕೊನೆಯವುಗಳನ್ನೇ ನಾವು ಹೆಚ್ಚು ತಪ್ಪಿಸುತ್ತೇವೆ. ಮಗು ದೊಡ್ಡದಾಯಿತಲ್ಲ ಎಂದು ಮರೆಯುತ್ತೇವೆ. ಗಂಟಲುಮಾರಿ ಕಾಯುವುದು ಆ ಮರೆವನ್ನೇ. ದಿನ ತಪ್ಪಿದ್ದರೆ ನಾಚಿಕೆಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾವುದನ್ನು ಈಗಲೂ ಕೊಡಬಹುದು ಎಂದು ಅವರು ಹೇಳುತ್ತಾರೆ.

ಪ್ರಶ್ನೆ ಕೇಳಿ. ಇದು ಯಾವ ಲಸಿಕೆ, ಸಿರಿಂಜ್ ಹೊಸತೇ, ಅವಧಿ ಮುಗಿದಿಲ್ಲವೇ, ಮನೆಗೆ ಹೋದ ಮೇಲೆ ಏನಾಗಬಹುದು? ಎಲ್ಲವನ್ನೂ ಕೇಳುವ ಹಕ್ಕು ನಿಮಗಿದೆ. ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಹೇಳುವುದೂ ಸರಿಯಲ್ಲ. ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಬಾವು ಸಾಮಾನ್ಯ. ತೀವ್ರ ಅಲರ್ಜಿ ಬಹಳ ಅಪರೂಪ. ಅದಕ್ಕಾಗಿಯೇ ಅರ್ಧ ಗಂಟೆ ಅಲ್ಲೇ ಕುಳಿತಿರಲು ಹೇಳುತ್ತಾರೆ. ಮಗುವಿಗೆ ಹಿಂದೆ ಅಲರ್ಜಿಯಾಗಿದ್ದರೆ, ಬೇರೆ ಚಿಕಿತ್ಸೆ ನಡೆಯುತ್ತಿದ್ದರೆ, ಜೋರು ಜ್ವರವಿದ್ದರೆ ಮುಂಚೆಯೇ ತಿಳಿಸಿ. ಎಂ.ಆರ್. ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ ಎಂಬುದೂ ಗೊತ್ತಿರಲಿ.

ಜಮಾಅತ್ ಕಮಿಟಿಯ ಹಿರಿಯರು ವರ್ಷಕ್ಕೆ ಎರಡು ಬಾರಿಯಾದರೂ ಮದ್ರಸದಲ್ಲಿ ಲಸಿಕೆ ಶಿಬಿರಕ್ಕೆ ಜಾಗ ಕೊಡಲಿ. ಜುಮಾ ಖುತ್ಬಾದ ನಂತರ ಎರಡು ನಿಮಿಷ ಖತೀಬರು ಈ ಬಗ್ಗೆ ಹೇಳಲಿ. ನಮ್ಮ ಸಮುದಾಯದಲ್ಲಿ ಈಗ ಮನೆಗೊಬ್ಬಳಂತೆ ನರ್ಸಿಂಗ್, ಫಾರ್ಮಸಿ ಓದುತ್ತಿರುವ ಹೆಣ್ಣುಮಕ್ಕಳಿದ್ದಾರೆ. ನ್ಯೂಯಾರ್ಕ್‌ನಲ್ಲಿ ಯಹೂದಿ ನರ್ಸ್‌ಗಳು ತಮ್ಮ ಸಮುದಾ‌ಯದ ಮಹಿಳೆಯರೊಂದಿಗೆ ಮನೆಗಳಲ್ಲಿ ಕುಳಿತು ಪ್ರಶ್ನೆಗಳಿಗೆ ಉತ್ತರಿಸಿದಂತೆ, ಇವರೂ ತಮ್ಮ ಮೊಹಲ್ಲಾದ ತಾಯಂದಿರೊಂದಿಗೆ ಕುಳಿತುಕೊಳ್ಳಲಿ. ಹೊರಗಿನ ಹತ್ತು ಅಧಿಕಾರಿಗಳು ಮಾಡಲಾಗದ ಕೆಲಸವನ್ನು ಪಕ್ಕದ ಮನೆಯ ಒಬ್ಬ ಹುಡುಗಿ ಮಾಡಬಲ್ಲಳು.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. ನಮ್ಮ ಓಣಿಯನ್ನು 'ತಕರಾರು ಏರಿಯಾ' ಎಂದು ಕರೆಯುವುದನ್ನು ಬಿಡಿ. ಲಸಿಕೆಯ ದಿನ ಮಾತ್ರವಲ್ಲ, ಮಗುವಿಗೆ ಭೇದಿಯಾದ ದಿನವೂ, ತಾಯಿಗೆ ರಕ್ತಹೀನತೆ ಬಂದ ದಿನವೂ ಬನ್ನಿ. ಆಗ ಬಾಗಿಲು ತಾನಾಗಿಯೇ ತೆರೆಯುತ್ತದೆ.

ಗಂಡಸರಲ್ಲಿಯೂ ವಿನಂತಿ ಇದೆ. ದೂರದ ಊರಿನಿಂದ ಸಂದೇಶ ಕಳುಹಿಸುವ ಮುನ್ನ ಒಮ್ಮೆ ಯೋಚಿಸಿ. ಮನೆಯಲ್ಲಿ ಮಗುವಿನ ಪಕ್ಕ ರಾತ್ರಿ ಎದ್ದಿರಬೇಕಾದವಳು ನಿಮ್ಮ ಹೆಂಡತಿ.

ನನ್ನ ತಮ್ಮನ ಮಗನಿಗೆ ಒಂಬತ್ತು ತಿಂಗಳು ತುಂಬಿದ ವಾರ, ಅವನನ್ನು ಎಂ.ಆರ್. ಚುಚ್ಚುಮದ್ದಿಗೆ ಎತ್ತಿಕೊಂಡು ಹೋದವಳು ನಾನೇ. ಸೂಜಿ ತಾಗಿದಾಗ ಅವನು ಜೋರಾಗಿ ಅತ್ತ, ನಾನೂ ಅತ್ತೆ. ಮರುದಿನ ಸ್ವಲ್ಪ ಜ್ವರ ಬಂತು, ಮೂರನೆಯ ದಿನ ಆಡುತ್ತಿದ್ದ. ನಮ್ಮ ಮಕ್ಕಳು ನಮಗೆ ಅಲ್ಲಾಹನು ವಹಿಸಿಕೊಟ್ಟ ಅಮಾನತ್. ಅದರ ಬಗ್ಗೆ ಅವನು ಕೇಳುವಾಗ, ಒಂದು ಧ್ವನಿ ಸಂದೇಶ ಬಂದಿತ್ತು ಎಂಬ ಉತ್ತರ ಸಾಕಾಗುವುದಿಲ್ಲ. ನಮ್ಮ ಎಲ್ಲ ಮಕ್ಕಳಿಗೂ ಅವನು ಆರೋಗ್ಯ ಕರುಣಿಸಲಿ, ವಿಚಾರಿಸಿ ನಡೆಯುವ ವಿವೇಕವನ್ನು ನಮಗೆ ನೀಡಲಿ. ಆಮೀನ್.